ಮುಖ ಮುಚ್ಚಿಕೊಂಡ ರಾಜ

ನಾನು ಮ್ಯೂನಿಕ್‌ನಲ್ಲಿ ಕಲಾ ಇತಿಹಾಸ ಓದುತ್ತೇನೆ. ನಮ್ಮಪ್ಪ ಗುರುಬಸಪ್ಪ ಕೇಳಿದವರಿಗೆಲ್ಲ "ಆಕಿ ಡ್ರಾಯಿಂಗ್ ಕಲಿತಾಳ್ರೀ" ಅನ್ನುತ್ತಿದ್ದ. ಆದರೂ ಅವ್ವ ಲಗ್ನ ಲಗ್ನ ಅಂತ ಬಡಿದುಕೊಂಡಾಗ "ಓದು ಮುಗೀಲಿ, ಸುಮ್ನಿರು" ಅಂದವನೂ ಅವನೇ. ಅಂಥವನು ಹೋದ ವಾರ, ತಾನು ಕೆಲಸ ಮಾಡುವ ಜರ್ಮನಿಯ ಇನ್ನೊಂದೂರು ವೋಲ್ಫ್ಸ್‌ಬುರ್ಗ್‌ನಿಂದ ಫೋನ್ ಮಾಡಿ, "ಭೂಮಿ, ಯಾವುದೋ ಚಿತ್ರದ ಮ್ಯಾಲ ಪ್ರಬಂಧ ಬರಿಯಾಕತ್ತೀಯಲ್ಲ, ಅದನ್ನ ನನಗೂ ತೋರಸವಾ. ಶುಕ್ರವಾರ ರಜಾ ಹಾಕೇನಿ" ಅಂದ. ಫೋನಿಟ್ಟು ಸಂತೋಷಕ್ಕೆ ಅತ್ತುಬಿಟ್ಟೆ.

ಶುಕ್ರವಾರ ಅಪ್ಪನ ಜೊತೆ ಬಂದ ಅವ್ವ ನನಗೆ ಇಳಕಲ್ ಸೀರೆ ಉಡಿಸಿದಳು. ಅಪ್ಪ ಫೋಟೋ ತೆಗೆಯುತ್ತಾನಂತೆ! ಹುಚ್ಚಿ, ನಂಬಿದೆ.

ಅವ್ವ ಮ್ಯೂಸಿಯಂನ ಕೆಫೆಯಲ್ಲೇ ಕೂತಳು. ನಾನು ಅಪ್ಪನನ್ನು ಆ ಚಿತ್ರ ತೆಗೆಸಿ ನೋಡಬಹುದಾದ ಮೇಲಿನ ಓದುಕೋಣೆಗೆ ಕರೆದೊಯ್ದೆ. ಒಬ್ಬ ಡಚ್ ಕಲಾವಿದ ದೊಡ್ಡ ವರ್ಣಚಿತ್ರಕ್ಕೆ ಮುಂಚೆ ಮಸಿಯಲ್ಲಿ ಬರೆದುಕೊಂಡ ಕರಡು ಅದು. ಅಪ್ಪನಿಗೆ ಕನ್ನಡದಲ್ಲೇ ಹೇಳಬೇಕೆಂದು ವಾರವಿಡೀ ಮಾತು ಜೋಡಿಸಿದ್ದೆ.

"ನೋಡಪ್ಪಾ, ಇಂವ ಗ್ರೀಕರ ರಾಜ. ಇವನ ಹಡಗುಗಳು ಯುದ್ಧಕ್ಕ ಹೊರಡಬೇಕಂದ್ರ ದೇವಿಗೆ ಮಗಳನ್ನ ಬಲಿ ಕೊಡಬೇಕು. ಲಗ್ನ ಮಾಡ್ತೀನಿ ಬಾ ಅಂತ ಸುಳ್ಳು ಹೇಳಿ ಕರಸ್ಯಾನ."

"ಹೂಂ, ಹೂಂ. ಭಾಳ ಚಂದ ಐತಿ."

"ಚಿತ್ರಗಾರ ಮೊದ್ಲು ಆ ಅಪ್ಪನ ಅಳೋ ಮುಖ ಬರದಾನ. ಆಮ್ಯಾಲ ಅದರ ಮ್ಯಾಲ ಬಟ್ಟಿ ಹೊಚ್ಯಾನ. ಬಟ್ಟಿ ಕೆಳಗ ಕಣ್ಣು ಇನ್ನೂ ಕಾಣ್ತಾವ, ನೋಡು."

"ಚಂದ ಐತಿ. ನಡಿಯವಾ, ಚಹಾ ಕುಡಿಯೋಣು."

ಕೆಫೆಯಲ್ಲಿ ಅವ್ವನ ಪಕ್ಕ ಗುರುತಿಲ್ಲದ ಮೂವರು ಕೂತಿದ್ದರು. "ಗೋಕಾಕದ ಹನುಮಂತರಾಯರು, ಅವರ ಮನಿಯವರು. ಇಂವ ಮಗ ಶೈಲೇಶ, ಇಲ್ಲೇ ಮ್ಯೂನಿಕ್‌ನ್ಯಾಗ ಕೆಲಸ," ಅಂತ ಹೇಳಿ ಅವ್ವ ಕಪ್ಪುಗಳಿದ್ದ ಟ್ರೇ ನನ್ನ ಕೈಗೆ ತುರುಕಿದಳು. "ಎಲ್ಲಾರಿಗೂ ನೀನಽ ಕೊಡವಾ."

ಅಯ್ಯೋ ಶಿವನೇ! ಸೀರೆ ಯಾಕೆಂದು ಆಗ ಗೊತ್ತಾಯಿತು. ಟ್ರೇಯನ್ನು ಮೇಜಿನ ಮೇಲೆ ಕುಕ್ಕಿದೆ. ಶೈಲೇಶನನ್ನು ಒಲ್ಲೆ ಅನ್ನಲು ನನಗೆ ಬಾಯಿದೆ, ಅದು ದೊಡ್ಡ ಮಾತಲ್ಲ. ಆದರೆ ಚಿತ್ರ ತೋರಿಸು ಅಂದಿದ್ದನಲ್ಲ ಅಪ್ಪ, ಅದಾದರೂ ನಿಜವಾಗಿರಲಿ ಅಂತ ಒಳಗೊಳಗೇ ಬೇಡಿಕೊಂಡೆ.

"ಅಪ್ಪಾ, ಮ್ಯಾಲಿನ ಚಿತ್ರದಾಗ ರಾಜ ಏನ್ ಮಾಡಾಕತ್ತಿದ್ದ?"

ಎಲ್ಲರೂ ಅವನನ್ನೇ ನೋಡಿದರು. ಅಪ್ಪ ಹನುಮಂತರಾಯರ ಕಡೆ ತಿರುಗಿ ನಕ್ಕ.

"ಅದಽ... ಯುದ್ಧಕ್ಕ ಹೊಂಟಿದ್ದನಲ್ಲ? ಕುದರಿ ಹತ್ತಿ ಕುಂತಿದ್ದ."

ಆ ಚಿತ್ರದಲ್ಲಿ ಕುದುರೆಯೇ ಇರಲಿಲ್ಲ.