ಬಂದೂಕಿನ ಕಿಸೆ

ರಜೆ ಮುಗಿಸಿ ದಂಡಿಗೆ ಹೊರಟ ಮಗನಿಗೆ ಏನು ಕಟ್ಟಿಕೊಡಬೇಕು? ಯಾವ ತಾಯಿಗೂ ಅದೇ ಚಿಂತೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದರೆ ಯಾರೂ ಬೇಡವೆನ್ನರು. ಸಂತೆಕಲ್ಲೂರಿನ ಶಿವಬಸಮ್ಮ ಮಾತ್ರ ಬೇರೆಯೇ ಒಂದನ್ನು ಕಟ್ಟಲು ಹೊರಟಿದ್ದಳು.

ಅದು ೧೯೫೧ರ ಮಾಘ ಮಾಸ. ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ತೂಕಡಿಸುತ್ತಿತ್ತು. ಕುಸುಬಿ ಹೊಲಗಳು ಹಳದಿ ಹೂ ಬಿಟ್ಟು, ನೋಡಿದವರಿಗೂ ಜೊಂಪು ಬರಿಸುತ್ತಿದ್ದವು. ಎಚ್ಚರವಿದ್ದದ್ದು ದಾದೇಸಾಬನ ಹೊಲಿಗೆ ಮಷಿನ್ ಒಂದೇ.

ದಾದೇಸಾಬ ಮೂಲತಃ ಲಿಂಗಸುಗೂರು ದಂಡಿನ ಛಾವಣಿಯವನು. ಎರಡನೆಯ ದೊಡ್ಡ ಲಡಾಯಿಯಲ್ಲಿ ಸಿಪಾಯಿಯಾಗಿ ಆಫ್ರಿಕಾಕ್ಕೆ ಹೋಗಿ, ವೈರಿಗಳ ಕೈಗೆ ಸಿಕ್ಕು, ಎರಡು ವರ್ಷ ಕೈದಿಯಾಗಿದ್ದು ಬಂದವನು. ಈಗ ಈ ಊರಿನ ದರ್ಜಿ.

ಶಿವಬಸಮ್ಮ ಒಂದು ಬಿಳಿ ಬಟ್ಟೆ ಅವನ ಮುಂದಿಟ್ಟಳು.

"ಅಣ್ಣ, ನಮ್ಮ ಆದೆಪ್ಪ ನಾಳೆ ಹೊಂಟಾನ. ಒಂದು ಸಡಲ ಜುಬ್ಬಾ ಹೊಲಿ. ಒಳಗ ಬಂದೂಕು ಮುಚ್ಚಿಡಾಕ ಉದ್ದಕ ಒಂದು ಕಿಸೆ ಇರಲಿ."

ಮಷಿನ್ ನಿಂತಿತು.

"ಯಾಕ ತಂಗಿ? ಸರಕಾರ ಖಾಕಿ ಕೊಟ್ಟೈತಲ್ಲ?"

"ಖಾಕಿ ಕಂಡ್ರ ಗುಂಡು ಹಾಕ್ತಾರ. ಗಲಾಟಿ ವರ್ಷ ನೀ ನೋಡಿಲ್ಲೇನು? ಖಾಕಿ ಬಿಚ್ಚಿ ಹಳ್ಳಕ್ಕ ಒಗದು ಧೋತರ ಉಟ್ಟವ್ರೆಲ್ಲ ಜೀವ ಉಳಿಸ್ಕೊಂಡ್ರು. ನನಗಿರಾವ ಒಬ್ಬ ಮಗ. ಆಣಿ ಹಾಕಿ ಉಡಸ್ತೀನಿ. ರೈತನಂಗ ಕಾಣ್ಲಿ, ಹತ್ರ ಬಂದವ್ರನ್ನ ಹೊಡೀಲಿ."

೧೯೪೮ರ ಪೊಲೀಸ್ ಆ್ಯಕ್ಷನ್ ಹೊತ್ತಿನಲ್ಲಿ, ಸೋತ ಕಡೆಯವರು ಓಡುವಾಗ ಕಣ್ಣಾರೆ ಕಂಡದ್ದನ್ನೇ ಅವಳು ಹೇಳುತ್ತಿದ್ದಳು. ತಾಯಿ ಕರುಳನ್ನು ಬೈಯಲು ನನಗಂತೂ ಮನಸ್ಸು ಬಾರದು. ಆದರೆ ಆ ಜುಬ್ಬಾ ಹೊಲಿದಿದ್ದರೆ ಅದೇ ಮಗನಿಗೆ ಮುಳುವಾಗುತ್ತಿತ್ತು.

"ಅವ್ರು ಬಂದೂಕು ಬಿಟ್ಟು ಓಡಾಕ ಬಟ್ಟಿ ಬದಲಿಸಿದ್ರು. ನಿನ್ನ ಮಗ ಬಂದೂಕು ಹಿಡದು ಹೊಂಟಾನ. ಭಾಳ ಫರಕ್ ಐತಿ ತಂಗಿ," ಎಂದ ದಾದೇಸಾಬ. ಅವನ ಕಣ್ಣು ಎಲ್ಲೋ ದೂರ ಹೋಗಿತ್ತು. "ನಾ ಸಿಕ್ಕಿದ ದಿನ ಸುತ್ತ ಬರೇ ಮರಳು. ಬಿಸಿಲಾಗ ನಮ್ಮ ಮಸ್ಕಿ ಹಳ್ಳ ಹರದಂಗ ಕಾಣತಿತ್ತು. ನಡಕೋತ ನಿದ್ದಿ ಮಾಡಾಕತ್ತಿದ್ದೆ. ಕಣ್ಣು ತೆರದ್ರ ಸುತ್ತ ವೈರಿ! ಕೈ ಎತ್ತಿದೆ. ಭುಜದ ಪಟ್ಟಿ ನೋಡಿ, ಇವ ಸಿಪಾಯಿ ಅಂದ್ರು. ನೀರು ಕೊಟ್ರು. ಹೆಸರು, ನಂಬರು ಬರಕೊಂಡ್ರು. ಮನಿಗೆ ಕಾಗದ ಬರಿಯಾಕ ಬಿಟ್ರು."

"ಅಷ್ಟು ಒಳ್ಳೇವ್ರೇನು?"

"ಒಳ್ಳೇವ್ರಂತಲ್ಲ, ಕಾಯಿದೆ ಹಂಗ ಐತಿ. ಸಿಪಾಯಿ ಮ್ಯಾಲ ಒಬ್ಬ ಜವಾಬ್ದಾರಿ ಅಧಿಕಾರಿ ಇರಬೇಕು. ದೂರದಿಂದ್ಲೇ ಗುರುತು ಕಾಣಬೇಕು. ಹತಾರ ಮುಚ್ಚಿಡಬಾರ್ದು. ಯುದ್ಧದ ನೇಮ ಮೀರಬಾರ್ದು. ಮಂದಿ ತಾವ ಪಡೆ ಕಟ್ಟಿದ್ರೂ ಇದ ಮಾತು. ಇಂಥವ ಸಿಕ್ರ, ಲಡಾಯಿ ಮಾಡಿದಿ ಅಂತ ಶಿಕ್ಷಾ ಕೊಡಂಗಿಲ್ಲ. ವೇಷ ಮರಿಸಿ ಹೊಡದವಗ ಆ ರಕ್ಷಣಾ ತಪ್ಪತೈತಿ. ಗೂಢಚಾರ ಅಂತ ಕೋರ್ಟಿಗೆ ನಿಲ್ಲಿಸ್ತಾರ. ಗಲ್ಲೂ ಆದೀತು."

"ಕಾಗದದ ಮಾತು ವೈರಿ ಕೇಳ್ತಾನೇನು?"

"ಕೇಳದವ್ರೂ ಅದಾರ, ಸುಳ್ಳು ಹೇಳಲ್ಲ. ನನ್ನ ಜೋಡಿ ಇದ್ದ ಒಬ್ಬನ್ನ ಹೊಡದು ಹಾಕಿದ್ರು. ಕಾಯಿದೆ ಇತ್ತಂತ, ಆಮ್ಯಾಲ ಅದಕ್ಕ ಲೆಕ್ಕ ಕೇಳೋರು ಬಂದ್ರು. ಈಗ ನಮ್ಮ ದೇಶನೂ ಆ ಕಾಯಿದೆಗೆ ಒಪ್ಪಿಗಿ ಕೊಟ್ಟೈತಿ."

ಶಿವಬಸಮ್ಮನಿಗೆ ಇನ್ನೂ ಅನುಮಾನ. ದಾದೇಸಾಬ ಬಾಗಿಲಾಚೆಯ ಹೊಲದ ಕಡೆ ಕೈ ಮಾಡಿದ.

"ಬಿಸಿಲಿಗೆ ತಲಿಮ್ಯಾಲ ಕಂಬಳಿ ಹೊದ್ದು ಯಾರು ನಿಂತಾರ ಅಲ್ಲಿ?"

"ನಮ್ಮನಿಯವ್ರು."

"ನಿನ್ನ ಮಗ ಧೋತರ ಉಟ್ಟು ಬಂದೂಕು ತಗದ್ರ, ಮರುದಿನ ವೈರಿ ಆ ಸೀಮಿಯಾಗ ಯಾವ ಕಂಬಳಿ ಕಂಡ್ರೂ ಹೆದರ್ತಾನ. ಹೆದರಿದವ ಕೇಳಿ ಗುಂಡು ಹಾಕ್ತಾನೇನು?"

ಅವಳು ಬಹಳ ಹೊತ್ತು ನೋಡಿದಳು. ಬಿಸಿಲ ಝಳದಲ್ಲಿ ಗಂಡ ಅಮರಗುಂಡಪ್ಪ ಒಮ್ಮೆ ಕಾಣುತ್ತಿದ್ದ, ಒಮ್ಮೆ ಹಳದಿ ಹೂಗಳಲ್ಲಿ ಕರಗಿಹೋಗುತ್ತಿದ್ದ. ಅವಳು ಬಿಳಿ ಬಟ್ಟೆಯನ್ನು ಮತ್ತೆ ದಾದೇಸಾಬನತ್ತ ಸರಿಸಿದಳು.

"ಅಣ್ಣ, ಈ ಬಟ್ಟಿ ಅವ್ರಿಗೇ ಹೊಲಿ. ಕಿಸೆ ಸಣ್ಣದಿರಲಿ, ಎಲಿ ಅಡಕಿ ಹಿಡದ್ರ ಸಾಕು."

ಮರುದಿನ ಬಸ್ಸು ಬರುವ ಮೊದಲು ಅವಳೇ ಆದೆಪ್ಪನ ಭುಜದ ಪಟ್ಟಿ ಸರಿಮಾಡಿದಳು. "ದೂರಕ್ಕ ಕಾಣ್ಲಪ್ಪ," ಎಂದಳು. ಕಣ್ಣೀರನ್ನು ಮಾತ್ರ ಮುಚ್ಚಿಡಲಾಗಲಿಲ್ಲ.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯ ಮಗ ದಂಡಿನಲ್ಲಿದ್ದಾನೆಯೇ? ಬುತ್ತಿಯ ಜೊತೆ ಈ ಮಾತನ್ನೂ ಕಟ್ಟಿಕೊಡಿ: ಸಿಪಾಯಿಯಾಗಿ ಕಾದುವವನು ಸಿಪಾಯಿಯಾಗಿಯೇ ಕಾಣಲಿ. ಹತಾರ ಚೆಲ್ಲಿ ಕೈ ಎತ್ತಿದವನನ್ನು ಹೊಡೆಯದಿರಲಿ. ಹೊಲದಲ್ಲಿ ನಿಂತ ರೈತ ಯಾವ ದೇಶದವನೇ ಆಗಲಿ, ಸಂಜೆಗೆ ಮನೆಗೆ ಬರಲಿ.