ಎಡಗಡೆಯ ಕಿಂಡಿ

ಗ್ರೆಟಾ ಮೊದಲ ದಿನವೇ ಹೇಳಿದ್ದಳು: "ಗೋಡೆ ಮೇಲೆ ಕಾಣಬಾರದ್ದನ್ನ ಯಾವ ಕಿಂಡೀಲೂ ಇಟ್ಕೋಬೇಡಿ. ಕಾಣ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ."

ನಾವಿರುವ ಮಾಂಗೆರೆ ಬಡಾವಣೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ಅವಳ ತರಗತಿ. ಹಾಡು ನಡೆಯುತ್ತಿರುವಾಗಲೇ ಹಾಡುವವರ ಹಿಂದಿನ ಗೋಡೆಗೆ ಚಿತ್ರಗಳನ್ನು ಬೆರೆಸಿ ಬಿಡುವ ಕೆಲಸ ಕಲಿಸುತ್ತಿದ್ದಳು. ಕಂಪ್ಯೂಟರಿನಲ್ಲಿ ಎರಡು ಕಿಂಡಿಗಳು. ಎಡಗಡೆ ಒಂದು ವಿಡಿಯೊ, ಬಲಗಡೆ ಒಂದು. ನಡುವೆ ಜಾರುಗುಂಡಿ. ಅದನ್ನು ಬಲಕ್ಕೆ ಸರಿಸಿದರೆ ಬಲಗಡೆಯದು ಗೋಡೆಗೆ ಹೋಗುತ್ತದೆ, ಎಡಕ್ಕೆ ಸರಿಸಿದರೆ ಎಡಗಡೆಯದು. ನಡುವೆ ನಿಲ್ಲಿಸಿದರೆ ಎರಡೂ ಒಂದರೊಳಗೊಂದು ಕರಗುತ್ತವೆ. ಗೋಡೆಗೆ ಹೋಗದ ಚಿತ್ರವೂ ತನ್ನ ಕಿಂಡಿಯಲ್ಲಿ ಸದ್ದಿಲ್ಲದೆ ಓಡುತ್ತಲೇ ಇರುತ್ತದೆ.

ಅಜ್ಜಿಯನ್ನು ನೋಡಿಕೊಳ್ಳಲೆಂದು ನಾನು ಹದಿನೈದಕ್ಕೆ ಶಾಲೆ ಬಿಟ್ಟೆ. ಅಜ್ಜಿ ಹೋದ ಮೇಲೆ ಮನೆಯಲ್ಲಿ ನನಗೆ ಕೆಲಸವೇ ಉಳಿಯಲಿಲ್ಲ. ಗ್ರೆಟಾಳ ಕೆಲಸ ಹಿಡಿಸಿದ್ದು ಒಂದೇ ಕಾರಣಕ್ಕೆ: ಎಲ್ಲರ ಬೆನ್ನ ಹಿಂದೆ, ಕತ್ತಲಲ್ಲಿ ಕೂರಬಹುದು.

ನಮ್ಮ ವೈಸಿಮಾ ಅತ್ತೆ ಅಪ್ಪನ ಅಕ್ಕ. ಅವಳ ಮಾತಿಗೆ ಅಪ್ಪನೂ ಎದುರಾಡುವುದಿಲ್ಲ. ಒಂದು ದಿನ ಕೆಸುವಿನ ಗೆಡ್ಡೆ ಸುಲಿಯುತ್ತ, "ಲೇ ಪಿಸಿಲಾ, ನಿಮ್ಮಣ್ಣ ಕೇಳ್ತಿದಾನೆ. ಅವನ ಹಾಡಿಗೆ ನೀನು ಗೋಡೆಗೆ ಚಿತ್ರ ಬಿಡ್ತೀಯಾ ಅಂತ" ಎಂದಳು.

"ಅವನೇ ಕೇಳ್ಬಹುದಿತ್ತಲ್ಲ."

"ಬೆಳೆದಿರೋ ತಂಗಿ ಮುಂದೆ ಬಂದು ಹಲ್ಲು ಕಿರೀಬೇಕಿತ್ತಾ? ಹೂಂ ಅನ್ನೇ, ಇಲಿಮರಿ."

ನಮ್ಮಣ್ಣ ಸೆಮಿಸಿ ನನಗಿಂತ ಮೂರು ವರ್ಷಕ್ಕೆ ದೊಡ್ಡವನು. ನಾನು ದೊಡ್ಡವಳಾದ ವರ್ಷವೇ ಅವನು ಹಾಸಿಗೆ ಎತ್ತಿಕೊಂಡು ಗ್ಯಾರೇಜಿಗೆ ಹೋದ. ನಾನಿರುವ ಕೋಣೆಯಲ್ಲಿ ಟಿ.ವಿ. ನೋಡುವುದಿಲ್ಲ. ಟಾಂಗಾದವರಲ್ಲಿ ಅಣ್ಣತಂಗಿ ಹಾಗೆ. ಯಾರೋ ಯಾರಿಗೋ ಮುತ್ತು ಕೊಡುವುದು ಇಬ್ಬರ ಕಣ್ಣಿಗೂ ಒಟ್ಟಿಗೆ ಬೀಳಬಾರದು. ಬಿದ್ದರೆ ಅಣ್ಣ ಎದ್ದು ಹೋಗುತ್ತಾನೆ. ಅದು ಸಿಟ್ಟಲ್ಲ, ತಂಗಿಗೆ ಕೊಡುವ ಮರ್ಯಾದೆ.

ಜನವರಿಯಲ್ಲಿ ಉದ್ಯಾನದಲ್ಲಿ ನಡೆಯುವ ಹಾಡಿನ ಹಬ್ಬದ ದೊಡ್ಡ ವೇದಿಕೆಗೆ ಹಾಡುವವರನ್ನು ಆರಿಸುವವಳೂ ಗ್ರೆಟಾಳೇ. ಆರಿಸಲೆಂದು ಸಮುದಾಯ ಭವನದಲ್ಲಿ ಒಂದು ಮಧ್ಯಾಹ್ನ, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಕಾರ್ಯಕ್ರಮ ಇಟ್ಟಿದ್ದಳು. ಸೆಮಿಸಿ ತಾನೇ ಕಟ್ಟಿದ ಮೂರು ಹಾಡು ಹಾಡುವವನಿದ್ದ. ಗೋದಾಮಿನ ಕೆಲಸ ಮುಗಿಸಿ ಬಂದು, ಎರಡು ವರ್ಷ ಗ್ಯಾರೇಜಿನಲ್ಲಿ ಉಜ್ಜಿ ಉಜ್ಜಿ ತಯಾರು ಮಾಡಿದ ಹಾಡುಗಳು.

ಅವಕ್ಕೆಂದು ಕೊಲ್ಲಿಯ ನೀರು ಏರುವುದನ್ನು ತೆಗೆದಿದ್ದೆ. ಮರದ ತೊಗಟೆ ಬಡಿದು ಬಟ್ಟೆ ಮಾಡುವ ಅಜ್ಜಿಯ ಕೈಗಳ ಹಳೆಯ ವಿಡಿಯೊ ಹುಡುಕಿದ್ದೆ. ಇನ್ನೊಂದೂ ಇತ್ತು. ಅಭ್ಯಾಸಕ್ಕೆಂದು ನನ್ನ ಕಿಟಕಿಯಿಂದ ತೆಗೆದದ್ದು: ಎದುರಿನ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ, ತುಂತುರು ಮಳೆ, ಉದ್ದದ ಒಂದು ಮುತ್ತು. ಅಭ್ಯಾಸ ಮುಗಿದು ತಿಂಗಳಾದರೂ ಅಳಿಸಿರಲಿಲ್ಲ. ನೋಡಲು ಇಷ್ಟವಿತ್ತು, ಅಷ್ಟೇ. ಬಾಗಿಲು ಹಾಕಿಕೊಂಡು ಅದರ ಮೇಲೆ ನೀರಿನ ಚಿತ್ರ ಹರಿಸಿ ನೋಡುತ್ತಿದ್ದೆ. ಕಾರ್ಯಕ್ರಮದ ದಿನವೂ ನೋಡುತ್ತಿದ್ದಾಗ ಹೊರಗೆ ಅತ್ತೆ ಕಾರಿನ ಹಾರನ್ ಒತ್ತಿದಳು. ಗುಂಡಿಯನ್ನು ಬಲಕ್ಕೆ ತಳ್ಳಿ ಕಂಪ್ಯೂಟರಿನ ಮುಚ್ಚಳ ಹಾಕಿದೆ. ಬಲಗಡೆ ನೀರಿತ್ತು. ಎಡಗಡೆ ಅವರಿಬ್ಬರೂ ಇದ್ದರು.

ಮೊದಲ ಹಾಡಿಗೆ ನೀರು. ಎರಡನೆಯದು ಅಜ್ಜಿಯ ಮೇಲೆ ಕಟ್ಟಿದ್ದು. ಎಡಗಡೆಯ ಕಿಂಡಿಗೆ ಅಜ್ಜಿಯ ಕೈಗಳನ್ನು ಹಾಕಿ, ಆಮೇಲೆ ಗುಂಡಿ ಸರಿಸಬೇಕು. ಹಾಕಲಿಲ್ಲ. ಸೆಮಿಸಿಯನ್ನೇ ನೋಡುತ್ತಿದ್ದೆ. ಮನೆಯಲ್ಲಿ ಅಷ್ಟು ಹೊತ್ತು ಅವನ ಮುಖ ನೋಡಿದವಳಲ್ಲ ನಾನು. ಹಾಗೇ ಬೆರಳು ಸರಿಯಿತು.

ಜನ ಸಿಳ್ಳೆ ಹಾಕಿದಾಗಲೇ ಗೋಡೆ ನೋಡಿದ್ದು. ನೀರಿನೊಳಗಿಂದ ಎರಡು ಬಾಯಿಗಳು ಎದ್ದು ಬರುತ್ತಿದ್ದವು, ಮನೆಯಷ್ಟು ದೊಡ್ಡವಾಗಿ.

ಸೆಮಿಸಿ ತಿರುಗಿ ನೋಡಿದ. ಒಂದು ಗಳಿಗೆ ಅವನ ಬೆರಳು ತಂತಿಯ ಮೇಲೇ ನಿಂತಿತು. ಆಮೇಲೆ ಗಿಟಾರನ್ನು ಮೆಲ್ಲಗೆ ಕೆಳಗಿಟ್ಟು, ತಲೆ ತಗ್ಗಿಸಿ, ಪಕ್ಕದ ಬಾಗಿಲಿಂದ ಹೊರಟುಹೋದ.

ದೀಪ ಹಾಕಿದ ಮೇಲೆ ಗ್ರೆಟಾ ನನ್ನ ಹತ್ತಿರ ಬಂದಳು. "ಏನ್ ಚೆನ್ನಾಗಿತ್ತೇ ಅದು, ನೀರಿಂದ ಮುತ್ತು ಬಂದಿದ್ದು! ನೀನು ಕಲ್ತುಬಿಟ್ಟೆ ಬಿಡು. ನಿಮ್ಮಣ್ಣಂದೇ ಬೇಜಾರು. ಜನ ನೋಡಿ ಹೆದರ್ಕೊಂಡ, ಪಾಪ. ಇನ್ನೊಂದು ವರ್ಷ ಕಾಯ್ಲಿ."

ನಾನು ವೈರು ಸುತ್ತಿ ಚೀಲಕ್ಕೆ ತುಂಬಿದೆ.

ಕಾರಿನಲ್ಲಿ ಅತ್ತೆ ಸೆಮಿಸಿಯನ್ನು ಕೇಳಿದಳು, "ಏನಾಯ್ತೋ ನಿಂಗೆ?"

"ತಂತಿ ಕಡೀತು ಅತ್ತೆ. ಮೂರನೇದು."

"ತಂತಿ ಕಡೀತಾ," ಎಂದ ಅತ್ತೆ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ್ದ. ಗಿಟಾರು ನನ್ನ ಪಕ್ಕದಲ್ಲೇ ಇತ್ತು, ಆರೂ ತಂತಿಗಳೊಂದಿಗೆ.

ಅವನ ಹತ್ತಿರ ಹೋಗಿ 'ತಪ್ಪಾಯಿತು' ಎನ್ನಬೇಕಾದರೆ ಆ ಮುತ್ತಿನ ಮಾತು ತೆಗೆಯಬೇಕು. ಅಣ್ಣನ ಮುಂದೆ ಅದನ್ನು ಬಾಯಲ್ಲಿ ಆಡುವುದು ಇನ್ನೊಂದು ತಪ್ಪು. ಅಂದು ಸಂಜೆಯೇ ವಿಡಿಯೊ ಅಳಿಸಿದೆ. ಅದರಿಂದ ಏನೂ ಹಗುರಾಗಲಿಲ್ಲ. ಗ್ಯಾರೇಜಿನಿಂದ ಎರಡು ವಾರ ಒಂದು ಸ್ವರವೂ ಬರಲಿಲ್ಲ.

ಮೂರನೇ ಶನಿವಾರ ಎಲ್ಲರೂ ಹೋಗುವವರೆಗೆ ತರಗತಿಯಲ್ಲೇ ಕುಳಿತೆ.

"ಅವ್ನು ಹೆದರ್ಲಿಲ್ಲ," ಎಂದೆ.

"ಯಾರು?"

"ನಮ್ಮಣ್ಣ. ಆ ಚಿತ್ರ ಹಾಡಿಗೆ ಅಂತ ಇಟ್ಟಿದ್ದಲ್ಲ. ನಾನು ಕಿಂಡೀಲಿ ಬಿಟ್ಟಿದ್ದೆ. ನಾನಲ್ಲಿ ಕೂತಿದ್ನಲ್ಲ, ಅದಕ್ಕೇ ಅವನು ಎದ್ದುಹೋದ. ತಂಗಿ ಇರೋ ಕಡೆ ಅಂಥದ್ದು ಅಣ್ಣ ನೋಡಲ್ಲ. ನನ್ನ ಮರ್ಯಾದೆ ಉಳಿಸೋಕೆ ಹೋದ." ಯಾರೊಂದಿಗೂ ಅಷ್ಟು ಮಾತು ಒಟ್ಟಿಗೆ ಆಡಿದವಳಲ್ಲ.

ಗ್ರೆಟಾ ಪೆನ್ನಿನ ಮುಚ್ಚಳ ಹಾಕಿದಳು. "ನಾನು ಹೊಗಳಿದಾಗ್ಲೇ ಯಾಕೆ ಹೇಳ್ಲಿಲ್ಲ?"

ಉತ್ತರಕ್ಕೆ ಕಾಯದೆ ಅವಳು ಉದ್ಯಾನದಲ್ಲಿ ಹಾಡುವವರ ಪಟ್ಟಿ ತೆಗೆದಳು.

"ಸಂಜೆ ಹೊತ್ತೆಲ್ಲ ಕೊಟ್ಟಾಯ್ತು ಕಣೆ. ಬೆಳಿಗ್ಗೆ ಹನ್ನೊಂದಕ್ಕೆ ಒಂದಿದೆ. ಬಿಸಿಲು, ಜನ ಕಮ್ಮಿ. ಗೋಡೇನೂ ಇಲ್ಲ, ಚಿತ್ರಾನೂ ಇಲ್ಲ. ಪರವಾಗಿಲ್ವಾ?"

"ಪರವಾಗಿಲ್ಲ," ಎಂದೆ.

ದಾರಿಯಲ್ಲಿ ಸಂಗೀತದ ಅಂಗಡಿಯ ಹತ್ತಿರ ಬಸ್ಸಿಳಿದು ಗಿಟಾರಿನ ತಂತಿ ಕೊಂಡೆ, ಮೂರನೆಯದು ಮಾತ್ರ. ಅಡುಗೆಮನೆಯ ಮೇಜಿನ ಮೇಲೆ, ಅವನ ತಟ್ಟೆಯ ಪಕ್ಕ ಇಟ್ಟೆ. ಬೆಳಿಗ್ಗೆ ಹನ್ನೊಂದರ ಸುದ್ದಿಯನ್ನು ಅತ್ತೆಗೆ ಹೇಳಿದೆ; ಅವನಿಗೆ ಅವಳು ಹೇಳುತ್ತಾಳೆ.

ಅವನು ಊಟ ಮಾಡುವಾಗ ನಾನು ನನ್ನ ಕೋಣೆಯಲ್ಲಿದ್ದೆ. ತಟ್ಟೆ ತೊಳೆಯುವ ಸದ್ದು, ಹಿಂಬಾಗಿಲಿನ ಸದ್ದು. ಆಮೇಲೆ ಗ್ಯಾರೇಜಿನಿಂದ ಗಿಟಾರಿನ ಬಿರಡೆ ಕಿರ್ ಕಿರ್ ಎಂದು ತಿರುಗತೊಡಗಿತು. ಚೆನ್ನಾಗಿಯೇ ಇದ್ದ ಮೂರನೇ ತಂತಿಯನ್ನು ಅವನು ಸಡಿಲಿಸಿ ಬಿಚ್ಚುತ್ತಿದ್ದ.