ಹಸಿದ ಮ್ಯಾಂಡರಿನ್

ಸೋಲಾಪುರದ ಬಟ್ಟೆ ವ್ಯಾಪಾರಿ ಯೋಗಿರಾಜ ಬಾಗಿಲು ತೆರೆದ ಕೂಡಲೇ ಸಾರಿಕಾಳಿಗೆ ಗುರುತು ಸಿಕ್ಕಿತು. ಹೋದ ವರ್ಷ ಬೋರಾಮಣಿಯ ಹತ್ತಿರ ತನ್ನ ಅಪ್ಪ ಧರೆಪ್ಪನ ಕುರಿಹಿಂಡಿಗೆ ಕಾರು ನುಗ್ಗಿಸಿದವನು ಇವನೇ. ಅಂದು ಅವಳೂ ಅಲ್ಲಿದ್ದಳು. ಹಿಂಡು ಕಾಯುವ ನಾಯಿ ಕಾಳ್ಯಾ ರಸ್ತೆಯಲ್ಲಿ ಒದ್ದಾಡುತ್ತಿತ್ತು. ಇವನು ಇಳಿದು ತನ್ನ ಕಾರಿನ ಮೂತಿ ಸವರಿ ನೋಡಿ, "ನಾಯಿ ಅಲ್ಲೇನು, ಇನ್ನೊಂದ್ ಸಾಕ್ಕೋರಿ" ಎಂದು ಹೊರಟುಹೋಗಿದ್ದ. ಅಪ್ಪ ಕಂಬಳಿಯಲ್ಲಿ ಸುತ್ತಿಕೊಂಡು ತಂದ ನಾಯಿ ಮನೆ ಮುಟ್ಟುವ ಮೊದಲೇ ಸತ್ತಿತ್ತು. ಅಂದಿನಿಂದ ಅಪ್ಪನ ಮಾತು ಅರ್ಧಕ್ಕರ್ಧ ನಿಂತುಹೋಗಿತ್ತು.

ಯೋಗಿರಾಜನಿಗೆ ಅವಳ ಮುಖ ನೆನಪಿರಲಿಲ್ಲ. ಅಕ್ಕಲಕೋಟದಲ್ಲಿ ಸಾಕುಮೀನಿನ ಅಂಗಡಿ ಇಟ್ಟವಳು, ಉಪ್ಪುನೀರಿನ ಮೀನು ಬಲ್ಲವಳು ಎಂದು ಕರೆಸಿದ್ದ. ಗಾಜಿನ ತೊಟ್ಟಿಯಲ್ಲಿ ನೀಲಿ ಮೈಯ ಮೇಲೆ ಕೇಸರಿ ಅಲೆಗಳನ್ನು ಬರೆದಂತಿದ್ದ ಒಂದು ಪುಟ್ಟ ಮ್ಯಾಂಡರಿನ್ ಮೀನಿತ್ತು.

"ನನ್ನ ಜೀವ ಇದು," ಎಂದ ಅವನು, ಮಲಗಿದ ಕೂಸಿನ ಮುಂದೆ ಮಾತಾಡುವವನಂತೆ. "ಜೀವಂತ ಹುಳ ಬಿಟ್ರ ಏನೂ ಮುಟ್ಟಂಗಿಲ್ಲ. ವಾರವಾರ ತಂದು ಹಾಕವ್ವಾ."

"ಹಾಕ್ತೀನ್ರಿ," ಎಂದಳು ಸಾರಿಕಾ.

ಹಾಕಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿವೆಯೆಂದು ಹೇಳಿ ಬರಿಯ ಉಪ್ಪುನೀರು ಸುರಿದು ಬಂದಳು. ಮೀನಿನ ಹೊಟ್ಟೆ ಒಳಕ್ಕೆ ಹೋಯಿತು. ಯೋಗಿರಾಜ ಅಂಗಡಿ ಬಿಟ್ಟು ತೊಟ್ಟಿಯ ಮುಂದೆ ಕೂರತೊಡಗಿದ. ಅವನ ಕಳೆಗೆಟ್ಟ ಮುಖ ನೋಡಿ ಸಾರಿಕಾ ಒಳಗೊಳಗೇ ಹಿಗ್ಗಿದಳು.

ಆದರೆ ಒಂದು ದಿನ ಮೀನು ಅವಳ ಬೆರಳು ಕಂಡು ಗಾಜಿನ ಹತ್ತಿರ ಬಂತು. ಏನೂ ಸಿಗದೆ ತಿರುಗಿ, ಬರಿಗಲ್ಲನ್ನೇ ಕುಕ್ಕತೊಡಗಿತು. ಸಾರಿಕಾ ಕೈ ಹಿಂದೆಳೆದುಕೊಂಡಳು. ಹೊಟ್ಟೆ ಉರಿಯಬೇಕಾದದ್ದು ಅವನದು, ಇದರದಲ್ಲ.

"ಇಲ್ಲಿದ್ರ ಉಳಿಯಂಗಿಲ್ರಿ. ನನ್ನ ಅಂಗಡಿಗೆ ಒಯ್ದು ನೋಡ್ತೀನಿ," ಎಂದಳು.

ಚೀಲದ ನೀರಿನಲ್ಲಿ ಮೀನನ್ನಿಟ್ಟು, ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಅಕ್ಕಲಕೋಟಕ್ಕೆ ತಂದಳು. ತನ್ನ ತೊಟ್ಟಿಗೆ ಬಿಟ್ಟು, ಈ ಸಲ ನಿಜವಾದ ಹುಳು ಹಾಕಿದಳು. ಮೀನು ಚೇತರಿಸಿಕೊಳ್ಳುತ್ತಿದ್ದಾಗಲೇ ಯೋಗಿರಾಜನ ಫೋನು ಬಂತು.

"ಸತ್ತು ಹೋತ್ರಿ," ಎಂದಳು ಸಾರಿಕಾ.

ಅತ್ತ ಕಡೆ ಬಿಕ್ಕಿದ ಸದ್ದು.

"ಮೀನ ಅಲ್ಲೇನ್ರಿ, ಇನ್ನೊಂದ್ ಸಾಕ್ಕೋರಿ."

ಅವನಿಗೆ ನೆನಪಾಗಲಿ ಎಂದು ಕಾದಳು.

"ಹಂಗ್ಯಾಕ ಅಂತೀಯವ್ವಾ?" ಎಂದ ಅವನು, ನಿಜಕ್ಕೂ ನೊಂದು. "ನೀ ಎಂದೂ ಪ್ರೀತೀಲೆ ಒಂದು ಜೀವ ಸಾಕಿಲ್ಲೇನು?"

"ಬೋರಾಮಣಿ ರಸ್ತೇಲಿ ನಿಮ್ಮ ಗಾಡಿ ಕೆಳಗ ಸತ್ತ ನಾಯಿನ್ನ ಕೇಳ್ರಿ."

"ಯಾವ ನಾಯಿ?"

ಅವಳು ಫೋನಿಟ್ಟಳು. ಮೀನನ್ನು ಮರಳಿಸುವ ಯೋಚನೆ ಎಲ್ಲಾದರೂ ಮೂಲೆಯಲ್ಲಿ ಉಳಿದಿದ್ದರೆ, ಆ ಪ್ರಶ್ನೆಯ ಜೊತೆಗೇ ಅದೂ ಹೋಯಿತು.

ಗುರುವಾರ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಬಂದ ಧರೆಪ್ಪ ಅಂಗಡಿಗೆ ಬಂದು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಹಳ ಹೊತ್ತು ನೋಡಿದ.

"ಯಾರದವ್ವಾ ಇದು?"

"ನಂದ, ಅಪ್ಪಾ."

"ಭಾಳ ಚಂದ ಐತಿ," ಎಂದ ಧರೆಪ್ಪ. "ಏನ್ ತಿಂತೈತಿ?"

ಸಾರಿಕಾ ಹುಳುವಿನ ಬಾಟಲಿ ತಂದು ಅವನ ಕೈಗೆ ಕೊಟ್ಟಳು.